ನಮ್ಮ ನಾಡಿನ ಔಷಧ ಕೈಗಾರಿಕೆ

ಮಧ್ಯಮ ಸ್ಥಿತಿಯ ಯಾವ ಗೃಹಸ್ಥರ ಮನೆಯಲ್ಲಾದರೂ ಈಗ ಗೋಡೆಯ ಗೂಡಿನಲ್ಲಿಯೋ ಬೀರುವಿನ ಮೇಲಣ ಡಬ್ಬಿಯಲ್ಲಿಯೋ ನಾಲ್ಕಾರು ಬಗೆಯ ಮಾತ್ರೆಗಳು ಇದ್ದೇ ಇರುವುವು. ಜ್ವರಕ್ಕೊಂದು, ರಕ್ತದ ಒತ್ತಡಕ್ಕೊಂದು, ಸಿಹಿಮೂತ್ರಕ್ಕೊಂದು. ಮಕ್ಕಳ ಕೆಮ್ಮಿಗೆ ಒಂದು ಸೀಸೆ ಸಿರಪ್ಪು. ತಿಂಗಳ ಲೆಕ್ಕ ಬರೆಯುವಾಗ ಔಷಧದ ಬಾಬ್ತು ಬೆಳೆಯುತ್ತಿರುವುದನ್ನು ಕಂಡು ಗೊಣಗದ ಯಜಮಾನರಿಲ್ಲ. ಆ ಗೊಣಗಾಟವು ಅನ್ಯಾಯವಾದುದೆಂದು ನಾವು ಹೇಳುವುದಿಲ್ಲ. ಆದರೆ ಒಂದು ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕೆಂದಿರುವೆವು. ೧೯೬೧ನೆಯ ಇಸವಿಯಲ್ಲಿ ಅಮೆರಿಕ ದೇಶದ ಸೆನೆಟ್ ಸಭೆಯ ಉಪಸಮಿತಿಯೊಂದು ಔಷಧಗಳ ಬೆಲೆಯನ್ನು ವಿಚಾರಣೆಮಾಡಿ, ಜಗತ್ತಿನಲ್ಲಿಯೇ ಅತಿ ಹೆಚ್ಚಿನ ಬೆಲೆಯುಳ್ಳ ದೇಶಗಳ ಸಾಲಿನಲ್ಲಿ ಭಾರತವೂ ಸೇರಿರುವುದೆಂದು ಬರೆಯಿತು. ಹೊಟ್ಟೆಗೆ ಸಾಲದ ದೇಶವು ಔಷಧಕ್ಕೆ ಶ್ರೀಮಂತರ ಬೆಲೆಯನ್ನು ತೆರುತ್ತಿದ್ದಿತು. ಈಗ ಅದೇ ದೇಶವು ಸುಮಾರು ಇನ್ನೂರು ದೇಶಗಳಿಗೆ ಔಷಧವನ್ನು ಕಳುಹಿಸುತ್ತಿರುವುದು. ೨೦೨೩-೨೪ರಲ್ಲಿ ಹೀಗೆ ಹೊರಕ್ಕೆ ಹೋದ ಸರಕಿನ ಬೆಲೆ ಸುಮಾರು ೨,೭೮೦ ಕೋಟಿ ಡಾಲರು. ಈ ಬದಲಾವಣೆಯು ಹೇಗಾಯಿತು, ಅದರಿಂದ ಬಂದ ಲಾಭವು ಎಷ್ಟರಮಟ್ಟಿಗೆ ಭದ್ರವಾದುದು ಎಂಬ ವಿಚಾರವು ಮನೆ ನಡೆಸುವವರಿಗೆ ಅಪ್ರಸ್ತುತವಾಗಲಾರದು.

ಈ ಕೈಗಾರಿಕೆಯ ಬೀಜವನ್ನು ಬಿತ್ತಿದವರು ವ್ಯಾಪಾರಿಗಳಲ್ಲ, ಒಬ್ಬ ಉಪಾಧ್ಯಾಯರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರಫುಲ್ಲಚಂದ್ರ ರಾಯರು ೧೮೯೨ರಲ್ಲಿ ಸುಮಾರು ೭೦೦ ರೂಪಾಯಿಗಳ ಬಂಡವಾಳದಿಂದ ತಮ್ಮ ಬಿಡಾರದಲ್ಲಿಯೇ ಔಷಧ ತಯಾರಿಸತೊಡಗಿದರು. ಸೋಡಿಯಂ ಫಾಸ್ಫೇಟು ಮಾಡಬೇಕಾದರೆ ಎಲುಬು ಬೇಕು. ಕಸಾಯಿಯವರಿಂದ ಮೂಟೆಗಟ್ಟಲೆ ಹಸಿ ಎಲುಬನ್ನು ಕೊಂಡು ಮನೆಯ ಮಾಳಿಗೆಯ ಮೇಲೆ ಒಣಗಹಾಕಲಾಗಿ, ಕಾಗೆಗಳು ಬಂದು ಅವನ್ನು ಕಚ್ಚಿಕೊಂಡು ಹೋಗಿ ನೆರೆಮನೆಗಳಲ್ಲಿ ಬೀಳಿಸಿದುವು. ನೆರೆಯವರು ಜಗಳಕ್ಕೆ ಬಂದರು. ಈ ಫಜೀತಿಯನ್ನು ರಾಯರು ತಾವೇ ಆತ್ಮಚರಿತ್ರೆಯಲ್ಲಿ ಬರೆದಿರುವರು. ೧೯೦೧ರಲ್ಲಿ ಇದು ಬೆಂಗಾಲ್ ಕೆಮಿಕಲ್ ಎಂಬ ಕಂಪೆನಿಯಾಯಿತು. ನಮ್ಮ ಹೆಂಗಸರಿಗೆ ಚಿರಪರಿಚಿತವಾದ ಓಮದ ಅರ್ಕವನ್ನು ಸೀಸೆಯಲ್ಲಿ ತುಂಬಿ ಮಾರಿದವರಲ್ಲಿ ಇವರು ಪ್ರಸಿದ್ಧರು. ೧೯೦೭ರಲ್ಲಿ ಬಡೋದೆಯಲ್ಲಿ ಅಲೆಂಬಿಕ್, ೧೯೩೫ರಲ್ಲಿ ಮುಂಬಯಿಯಲ್ಲಿ ಖ್ವಾಜಾ ಅಬ್ದುಲ್ ಹಮೀದರಿಂದ ಸಿಪ್ಲಾ, ಹೀಗೆ ಒಂದೊಂದಾಗಿ ಹುಟ್ಟಿದುವು. ಆದಾಗ್ಯೂ ಸ್ವಾತಂತ್ರ್ಯ ಬಂದಾಗ ನಮ್ಮ ಪೇಟೆಯು ಬಹುಮಟ್ಟಿಗೆ ಪರದೇಶದ ಕಂಪೆನಿಗಳ ಕೈಯಲ್ಲಿಯೇ ಇದ್ದಿತು.

ಆ ಬಳಿಕ ಸರ್ಕಾರವೇ ಕಾರ್ಖಾನೆಗಳನ್ನು ಕಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಂಸ್ಥೆಗಳ ನೆರವಿನಿಂದ ೧೯೫೪ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸ್ಥಾಪಿತವಾಗಿ, ಪೆನಿಸಿಲಿನ್ ನಮ್ಮ ನೆಲದಲ್ಲಿಯೇ ತಯಾರಾಗಹತ್ತಿತು. ೧೯೬೧ರಲ್ಲಿ ರಷ್ಯದವರ ಸಹಾಯದಿಂದ ಐ.ಡಿ.ಪಿ.ಎಲ್. ಎಂಬ ದೊಡ್ಡ ಸಂಸ್ಥೆಯು ಹುಟ್ಟಿ, ಋಷೀಕೇಶದಲ್ಲಿಯೂ ಹೈದರಾಬಾದಿನಲ್ಲಿಯೂ ಕಾರ್ಖಾನೆಗಳನ್ನಿಟ್ಟಿತು. ಈ ಸಂಸ್ಥೆಯು ಮುಂದೆ ನಷ್ಟದಲ್ಲಿ ಮುಳುಗಿ ನಿಂತುಹೋಯಿತು. ಇದರ ಹೆಸರೆತ್ತಿದರೆ ಲೆಕ್ಕಪತ್ರದವರು ಮೂಗು ಮುರಿಯುವರು. ಆದರೆ ಲೆಕ್ಕದ ಪುಸ್ತಕದಲ್ಲಿ ಬಾರದ ಲಾಭವೂ ಒಂದುಂಟು. ಮೂಲದ್ರವ್ಯದಿಂದ ಆರಂಭಿಸಿ ಔಷಧವನ್ನು ಕಟ್ಟುವ ವಿದ್ಯೆಯನ್ನು ಕಲಿತ ರಸಾಯನಜ್ಞರು ಅಲ್ಲಿಂದ ಹೊರಬಂದು ಹೈದರಾಬಾದಿನ ಸುತ್ತಲೂ ಸ್ವಂತ ಕಾರ್ಖಾನೆಗಳನ್ನು ತೆರೆದರು. ೧೯೮೪ರಲ್ಲಿ ಡಾಕ್ಟರ್ ರೆಡ್ಡೀಸ್ ಕಂಪೆನಿಯನ್ನು ಕಟ್ಟಿದ ಅಂಜಿ ರೆಡ್ಡಿಯವರು ಹಿಂದೆ ಆ ಸಂಸ್ಥೆಯಲ್ಲಿಯೇ ನೌಕರಿಯಲ್ಲಿದ್ದವರು.

ಇಷ್ಟಾದರೂ ಕಾಯಿದೆಯು ಬದಲಾಗದೆ ಇದ್ದಿದ್ದರೆ ವಿದ್ಯೆಯೂ ಬಂಡವಾಳವೂ ಕೈಕಟ್ಟಿ ಕುಳಿತಿರುತ್ತಿದ್ದುವು. ಇಲ್ಲಿ ಪೇಟೆಂಟ್ ಎಂಬುದರ ಅರ್ಥವನ್ನು ತುಸು ಬಿಡಿಸಿ ಹೇಳಬೇಕಾಗಿದೆ. ಯಾರೋ ಒಬ್ಬ ಗೃಹಿಣಿಯು ಹೋಳಿಗೆಯನ್ನು ಮೊಟ್ಟಮೊದಲು ಕಂಡುಹಿಡಿದಳೆಂದು ಇಟ್ಟುಕೊಳ್ಳೋಣ. ಹೋಳಿಗೆಯೆಂಬ ಪದಾರ್ಥವೇ ಹದಿನಾರು ವರ್ಷಗಳ ಕಾಲ ಆಕೆಯ ಸ್ವತ್ತೆಂದು ಸರ್ಕಾರದವರು ಬರೆದುಕೊಟ್ಟರೆ, ನೆರೆಮನೆಯಾಕೆ ಹೂರಣವನ್ನು ಬೇರೆ ವಿಧವಾಗಿ ಅರೆದು, ತಟ್ಟುವುದಕ್ಕೆ ಬದಲಾಗಿ ಲಟ್ಟಿಸಿ ಮಾಡಿದರೂ ಅಪರಾಧವೇ ಆಗುವುದು. ಹಾಗಲ್ಲದೆ ಆಕೆ ಮಾಡಿದ ಕ್ರಮವು ಮಾತ್ರ ಆಕೆಯದು ಎಂದು ವಿಧಿಸಿದರೆ, ಬೇರೊಂದು ಕ್ರಮವನ್ನು ಕಂಡುಕೊಂಡವರು ಅದೇ ಹೋಳಿಗೆಯನ್ನು ಮಾಡಿ ಬಡಿಸಬಹುದು. ೧೯೧೧ರ ಬ್ರಿಟಿಷರ ಕಾಯಿದೆಯು ಮೊದಲನೆಯ ಜಾತಿಯದು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ಯರು ೧೯೫೯ರಲ್ಲಿ ಒಪ್ಪಿಸಿದ ವರದಿಯಲ್ಲಿ ಇದರಿಂದ ದೇಶಕ್ಕಾಗುತ್ತಿದ್ದ ಹಾನಿಯನ್ನು ವಿವರಿಸಿದರು. ಅದಾದ ಹನ್ನೊಂದು ವರ್ಷಗಳ ಮೇಲೆ, ೧೯೭೦ರಲ್ಲಿ, ಹೊಸ ಕಾಯಿದೆಯು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಗಿ ೧೯೭೨ರ ಏಪ್ರಿಲ್ ೨೦ರಿಂದ ಜಾರಿಗೆ ಬಂದಿತು. ಔಷಧದ ವಿಷಯದಲ್ಲಿ ಪದಾರ್ಥಕ್ಕೆ ಪೇಟೆಂಟ್ ಇಲ್ಲ. ಮಾಡುವ ಕ್ರಮಕ್ಕೆ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷ.

ಈ ಒಂದು ವಿಧಿಯು ಮಾಡಿದ ಕೆಲಸವನ್ನು ಯಾವ ಕಾರ್ಖಾನೆಯೂ ಮಾಡಿರಲಾರದು ಎಂದು ನಮ್ಮ ಅಭಿಪ್ರಾಯ. ಹೊರದೇಶದಲ್ಲಿ ಹೊಸದಾಗಿ ಬಂದ ಔಷಧವನ್ನು ಬೇರೆ ದಾರಿಯಿಂದ ತಯಾರಿಸುವುದೇ ನಮ್ಮ ರಸಾಯನಜ್ಞರ ಕಸುಬಾಯಿತು. ಒಂದೇ ಔಷಧವನ್ನು ಹತ್ತು ಮಂದಿ ಮಾಡತೊಡಗಿದ ಮೇಲೆ ಬೆಲೆಯು ತಾನಾಗಿಯೇ ಇಳಿಯಿತು. ಕರ್ನಾಟಕದಲ್ಲಿಯೂ ಆ ಕಾಲಕ್ಕೆ ಈ ಉದ್ಯಮವು ಬೇರೂರಿತು. ೧೯೭೮ರಲ್ಲಿ ಕಿರಣ್ ಮಜುಂದಾರ್ ಅವರು ಬೆಂಗಳೂರಿನಲ್ಲಿ ಬಯೋಕಾನ್ ಕಂಪೆನಿಯನ್ನು ತೆರೆದು, ಮೊದಲು ಪರಂಗಿಹಣ್ಣಿನಿಂದ ಪಪೇಯಿನ್ ಎಂಬ ಸತ್ತ್ವವನ್ನು ತೆಗೆದು ಮಾರುತ್ತಿದ್ದರು. ಅದೇ ಕಂಪೆನಿಯು ೨೦೦೪ರಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯಿಂದ ತಯಾರಿಸಿದ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು. ದನ ಹಂದಿಗಳ ಮೇದೋಜೀರಕಾಂಗದಿಂದ ತೆಗೆದ ಇನ್ಸುಲಿನನ್ನು ಚುಚ್ಚಿಸಿಕೊಳ್ಳಲು ಹಿಂದೆ ಎಷ್ಟು ಮನೆಗಳಲ್ಲಿ ಸಂಕೋಚಪಡುತ್ತಿದ್ದರೆಂಬುದು ಹಿರಿಯರಿಗೆ ನೆನಪಿದ್ದೀತು.

ಹೊರಗಿನವರಿಗೆ ಇದರ ಬೆಲೆ ತಿಳಿದುದು ೨೦೦೧ರಲ್ಲಿ. ಏಡ್ಸ್ ರೋಗಕ್ಕೆ ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಒಬ್ಬ ರೋಗಿಗೆ ವರ್ಷಕ್ಕೆ ಹತ್ತರಿಂದ ಹದಿನೈದು ಸಾವಿರ ಡಾಲರಿನಷ್ಟು ತಗಲುತ್ತಿದ್ದಿತು. ಆಫ್ರಿಕ ಖಂಡದಲ್ಲಿ ಊರಿಗೆ ಊರೇ ಸಾಯುತ್ತಿದ್ದಿತು. ಮದ್ದು ಇಲ್ಲವೆಂದಲ್ಲ, ಕೊಳ್ಳಲು ಗತಿಯಿಲ್ಲದೆ. ಆ ವರ್ಷದ ಫೆಬ್ರವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದರು, ಸಂಸ್ಥಾಪಕರ ಮಗನವರು, ಅದೇ ಚಿಕಿತ್ಸೆಯನ್ನು ವರ್ಷಕ್ಕೆ ೩೫೦ ಡಾಲರಿಗೆ ಒಂದು ಧರ್ಮಾರ್ಥ ವೈದ್ಯ ಸಂಘಕ್ಕೆ ಕೊಡುವೆನೆಂದರು. ದಿನಕ್ಕೆ ಒಂದು ಡಾಲರಿಗೂ ಕಡಿಮೆಯಾಯಿತು. ದೊಡ್ಡ ಕಂಪೆನಿಗಳು ಇದನ್ನು ಕಳವೆಂದು ಕೂಗಾಡಿದುವು. ಆದರೆ ತಮ್ಮ ಬೆಲೆಯನ್ನೂ ಇಳಿಸಿದುವು.

ಹೊಸ ಔಷಧವನ್ನು ಶೋಧಿಸುವವರಿಗೆ ಪ್ರತಿಫಲ ಬೇಡವೆ ಎಂದು ಕೇಳುವವರೂ ಉಂಟು, ಅದು ನ್ಯಾಯವಾದ ಪ್ರಶ್ನೆಯೇ. ವಿಶ್ವ ವಾಣಿಜ್ಯ ಸಂಸ್ಥೆಯ ಕರಾರಿಗೆ ಒಳಪಟ್ಟು ನಮ್ಮ ದೇಶವು ೨೦೦೫ರ ಜನವರಿ ೧ರಿಂದ ಔಷಧ ಪದಾರ್ಥಕ್ಕೂ ಪೇಟೆಂಟ್ ಕೊಡುತ್ತಿರುವುದು, ಅದೂ ಇಪ್ಪತ್ತು ವರ್ಷ. ಆದರೆ ಹಳೆಯ ಔಷಧದ ರೂಪವನ್ನು ಅಷ್ಟಿಷ್ಟು ತಿದ್ದಿ, ಗುಣ ಹೆಚ್ಚದಿದ್ದರೂ ಹೊಸದೆಂದು ಹಕ್ಕು ಕೇಳುವವರಿಗೆ ಕಾಯಿದೆಯಲ್ಲಿ ಅಡ್ಡಗಟ್ಟೆಯನ್ನಿಟ್ಟಿರುವರು. ರಕ್ತದ ಕ್ಯಾನ್ಸರಿಗೆ ಕೊಡುವ ಗ್ಲಿವೆಕ್ ಎಂಬ ಮಾತ್ರೆಯ ವಿಷಯದಲ್ಲಿ ೨೦೧೩ರ ಏಪ್ರಿಲ್ ೧ರಂದು ಸುಪ್ರೀಂ ಕೋರ್ಟು ನೋವಾರ್ಟಿಸ್ ಕಂಪೆನಿಯ ಬೇಡಿಕೆಯನ್ನು ತಳ್ಳಿಹಾಕಿದುದು ಈ ವಿಧಿಯ ಬಲದಿಂದಲೇ. ಅದರ ಹಿಂದಿನ ವರ್ಷ ಬೇಯರ್ ಕಂಪೆನಿಯ ಮತ್ತೊಂದು ಕ್ಯಾನ್ಸರ್ ಔಷಧವನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೋ ಕಂಪೆನಿಗೆ ಸರ್ಕಾರವು ಬಲವಂತದ ಪರವಾನಗಿಯನ್ನು ಕೊಟ್ಟಿತು. ತಿಂಗಳಿಗೆ ೨,೮೦,೦೦೦ ರೂಪಾಯಿಗೆ ಮೇಲ್ಪಟ್ಟಿದ್ದ ಖರ್ಚು ೯,೦೦೦ದೊಳಕ್ಕೆ ಇಳಿಯಿತು. ಮೂಲ ಕಂಪೆನಿಗೆ ಮಾರಾಟದ ಮೇಲೆ ರಾಜಧನವೂ ಗೊತ್ತಾಯಿತು.

ಇಷ್ಟು ಹೊಗಳಿದ ಮೇಲೆ ಕಹಿಯಾದ ಮಾತನ್ನೂ ಆಡಬೇಕು. ಬೆಲೆ ಇಳಿಸುವುದರಲ್ಲಿ ತೋರಿದ ಚಾತುರ್ಯವನ್ನು ಪರೀಕ್ಷೆಯಲ್ಲಿ ನಾವು ತೋರಲಿಲ್ಲ. ಸಿರಪ್ಪುಗಳಲ್ಲಿ ಔಷಧವನ್ನು ಕರಗಿಸಲು ಗ್ಲಿಸರಿನ್ ಮುಂತಾದ ಸಿಹಿಯಾದ ದ್ರವಗಳನ್ನು ಬಳಸುವರು. ಡೈಎಥಿಲೀನ್ ಗ್ಲೈಕಾಲ್ ಎಂಬ ಮತ್ತೊಂದು ದ್ರವವು ನೋಟಕ್ಕೂ ರುಚಿಗೂ ಅವುಗಳಂತೆಯೇ ಇದ್ದು, ಬೆಲೆಯಲ್ಲಿ ಅಗ್ಗ. ಆದರೆ ಮೂತ್ರಪಿಂಡಗಳನ್ನು ಕೊಲ್ಲುವ ವಿಷ. ೧೯೩೭ರಲ್ಲಿ ಅಮೆರಿಕದಲ್ಲಿ ಇದರಿಂದ ನೂರಕ್ಕೂ ಮಿಕ್ಕ ಜನ ಸತ್ತರು. ಮರುವರ್ಷವೇ ಅವರು ಕಾಯಿದೆಯನ್ನು ಬಿಗಿಮಾಡಿದರು. ನಮ್ಮಲ್ಲಿ ೧೯೮೬ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಹದಿನಾಲ್ಕು ಮಂದಿ ಇದೇ ವಿಷ ಬೆರೆತ ಗ್ಲಿಸರಿನ್ನಿನಿಂದ ತೀರಿಕೊಂಡರು. ನ್ಯಾಯಮೂರ್ತಿ ಲೆಂಟಿನ್ ಅವರು ವಿಚಾರಣೆ ನಡೆಸಿ ಕಠಿನವಾದ ವರದಿ ಬರೆದರು. ೨೦೨೨ರಲ್ಲಿ ಆಫ್ರಿಕದ ಗ್ಯಾಂಬಿಯದಲ್ಲಿ ಮಕ್ಕಳು ಹೀಗೆಯೇ ಸತ್ತಾಗ, ಹರಿಯಾಣದ ಕಂಪೆನಿಯೊಂದರ ಸಿರಪ್ಪುಗಳನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿಗೆಲ್ಲ ಎಚ್ಚರಿಕೆ ಕೊಟ್ಟಿತು. ಹೊರದೇಶಕ್ಕೆ ಹೋಗುವ ಕೆಮ್ಮಿನ ಸಿರಪ್ಪನ್ನು ಸರ್ಕಾರದ ಪ್ರಯೋಗಶಾಲೆಯಲ್ಲಿ ಮೊದಲು ಪರೀಕ್ಷಿಸಬೇಕೆಂಬ ನಿಯಮವು ೨೦೨೩ರ ಜೂನ್ ೧ರಿಂದ ಜಾರಿಗೆ ಬಂದಿತು. ಹೊರದೇಶಕ್ಕೆ ಹೋಗುವುದನ್ನು! ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಇಪ್ಪತ್ತಕ್ಕೆ ಮೇಲ್ಪಟ್ಟು ಎಳೆಯ ಮಕ್ಕಳು ನಮ್ಮ ದೇಶದ ಸಿರಪ್ಪನ್ನೇ ಕುಡಿದು ಮಡಿದರು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ನೂರಕ್ಕೆ ೦.೧ಕ್ಕಿಂತ ಹೆಚ್ಚು ಇರಕೂಡದ ಈ ವಿಷವು ನೂರಕ್ಕೆ ೪೮ರಷ್ಟು ಇದ್ದುದಾಗಿ ಅಲ್ಲಿನ ಸರ್ಕಾರದ ಪರೀಕ್ಷೆಯಲ್ಲಿ ಹೊರಬಿದ್ದಿತು. ಒಳಗೆ ಬರುವ ಪ್ರತಿಯೊಂದು ಪೀಪಾಯಿಯನ್ನೂ ತಯಾರಕರು ಪರೀಕ್ಷಿಸಿದ್ದರೆ ಇದು ಆಗುತ್ತಲೇ ಇರಲಿಲ್ಲ. ಆ ಪರೀಕ್ಷೆಗೆ ತಗಲುವ ಹಣವು ಒಂದು ಸೀಸೆಯ ಮೇಲೆ ಎಷ್ಟು ಬಿದ್ದೀತು?

ಕೆಮ್ಮಿನ ಸಿರಪ್ಪಿನ ವಿಷಯದಲ್ಲಿ ತಾಯಂದಿರಿಗೆ ಒಂದು ಮಾತು. ನೆಗಡಿಗೆ ಕೊಡುವ ಕ್ಲೋರ್ಫೆನಿರಮಿನ್, ಫಿನೈಲೆಫ್ರಿನ್ ಎಂಬ ಎರಡೂ ಕೂಡಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಕೇಂದ್ರದ ಔಷಧಾಧಿಕಾರಿಗಳು ೨೦೨೩ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿರುವರು. ಸೀಸೆಯ ಮೇಲೆ ಈ ಹೆಸರುಗಳಿವೆಯೆ ಎಂದು ನೋಡುವುದಕ್ಕೆ ಡಾಕ್ಟರಾಗಬೇಕಾದುದಿಲ್ಲ. ನೆರೆಯ ಮಗುವಿಗೆ ಒಗ್ಗಿದ ಸೀಸೆಯನ್ನು ಎರವಲು ತರುವ ಪದ್ಧತಿಯಂತೂ ನಿಲ್ಲಬೇಕು.

ಇನ್ನು ಮೂಲದ್ರವ್ಯದ ಮಾತು. ನಮ್ಮಲ್ಲಿ ಮಾತ್ರೆಯನ್ನು ಒತ್ತಿ ಕಟ್ಟುವ ಕಾರ್ಖಾನೆಗಳು ಹೇರಳವಾಗಿರುವುವು. ಮಾತ್ರೆಯೊಳಗಿನ ಸಾರವಾದ ಮೂಲ ಔಷಧವು ಮಾತ್ರ ಬಹಳವಾಗಿ ಹೊರಗಿನಿಂದ ಬರುವುದು. ಹಾಗೆ ಆಮದಾಗುವುದರಲ್ಲಿ ಮೂರರಲ್ಲಿ ಎರಡು ಪಾಲು ಚೀನದಿಂದ. ಪೆನಿಸಿಲಿನ್ ಜಿ ಎಂಬುದು ಅಮಾಕ್ಸಿಸಿಲಿನ್ ಮುಂತಾದ ಹಲವು ಮದ್ದುಗಳಿಗೆ ತಾಯಿಯಂತಿರುವ ದ್ರವ್ಯ. ಚೀನದವರು ಅಗ್ಗವಾಗಿ ಕಳುಹಿಸತೊಡಗಿದ ಮೇಲೆ ನಮ್ಮ ಹುದುಗು ತೊಟ್ಟಿಗಳು ಒಂದೊಂದಾಗಿ ಬರಿದಾದುವು. ಪಿಂಪ್ರಿಯಲ್ಲಿ ಅಷ್ಟು ಸಂಭ್ರಮದಿಂದ ಪೆನಿಸಿಲಿನ್ ತಯಾರಿಸಲು ಹೊರಟ ದೇಶವು ಅದನ್ನು ಹಡಗಿನಲ್ಲಿ ತರಿಸಿಕೊಳ್ಳುವ ಸ್ಥಿತಿಗೆ ಬಂದಿತು. ೨೦೨೦ರ ಸಾಂಕ್ರಾಮಿಕದಲ್ಲಿ ಹಡಗುಗಳು ತಡವಾದಾಗ ಸರ್ಕಾರಕ್ಕೆ ಭಯ ಹುಟ್ಟಿ, ಮೂಲ ಔಷಧಗಳನ್ನು ಇಲ್ಲಿಯೇ ತಯಾರಿಸುವವರಿಗೆ ಪ್ರೋತ್ಸಾಹವಾಗಿ ೬,೯೪೦ ಕೋಟಿ ರೂಪಾಯಿಗಳನ್ನು ಎತ್ತಿಟ್ಟರು. ಅದರ ಫಲವಾಗಿ ೨೦೨೪ರಲ್ಲಿ ಆಂಧ್ರದ ಕಾಕಿನಾಡದಲ್ಲಿ ಪೆನಿಸಿಲಿನ್ ಜಿ ತಯಾರಿಸುವ ದೊಡ್ಡ ಕಾರ್ಖಾನೆಯೊಂದು ಆರಂಭವಾಯಿತು. ಆದರೆ ಅದರ ಸರಕು ಚೀನದ ಸರಕಿಗಿಂತ ತುಟ್ಟಿಯಾದರೆ ಕೊಳ್ಳುವವರು ನಮ್ಮವರೇ ಆದ ಮಾತ್ರೆಯ ಕಂಪೆನಿಗಳು. ಅವರು ಕೊಡುವ ಹೆಚ್ಚಿನ ಕಾಸು ಕಡೆಗೆ ಬೀಳುವುದು ನಮ್ಮ ತಿಂಗಳ ಲೆಕ್ಕದ ಔಷಧದ ಬಾಬ್ತಿನ ಮೇಲೆಯೇ. ಒಂದು ಪಟ್ಟಿ ಮಾತ್ರೆಗೆ ಕೆಲವು ಪೈಸೆಯಷ್ಟಾದೀತು. ಅಷ್ಟನ್ನು ತೆರಲು ನಾವು ಸಿದ್ಧರಾಗಿರುವೆವೇ ಎಂದು ಇನ್ನೂ ಯಾರೂ ನಮ್ಮನ್ನು ಕೇಳಿಲ್ಲ.