ಒಂದೇ ಕೋಣೆ, ಮೂರು ತರಗತಿ, ಒಂದು ಏಣಿ

ಶಾಲೆಗೆ ಸೇರುವ ಮಗುವನ್ನು ಮೊದಲು ಅಳೆಯುವುದು ವಯಸ್ಸಿನಿಂದ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8, 8ರಿಂದ 11, 11ರಿಂದ 14, 14ರಿಂದ 18 ಎಂದು ನಾಲ್ಕು ಹಂತ ಮಾಡಿದೆ. ಜನರ ಬಾಯಲ್ಲಿ ಮಾತ್ರ ಇನ್ನೂ ಅಂಗನವಾಡಿ, ಪ್ರೈಮರಿ, ಮಿಡ್ಲ್ ಸ್ಕೂಲು, ಹೈಸ್ಕೂಲು, ಪಿಯುಸಿಯೇ. ಹೆಸರೇನೇ ಇರಲಿ, ಇದೆಲ್ಲ ದೊಡ್ಡ ಕತ್ತರಿಯ ಕೆಲಸ. ಸೂಜಿಯ ಕೆಲಸ ನೋಡಬೇಕೆಂದರೆ ನಲಿ-ಕಲಿ ಕೋಣೆಯೊಳಗೆ ಹೋಗಿ ಕೂರಬೇಕು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಇದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಪಠ್ಯಪುಸ್ತಕದ ಪಾಠಗಳ ಜಾಗದಲ್ಲಿ ಗೋಡೆಯ ಮೇಲೊಂದು ಕಲಿಕಾ ಏಣಿ, ಅದರ ಮೆಟ್ಟಿಲಿಗೊಂದು ಕಾರ್ಡು. ಕಾರ್ಡಿನ ಮೇಲಿನ ಚಿತ್ರದ ಗುರುತು ಹಿಡಿದು ಮಗು ತನ್ನ ಮೆಟ್ಟಿಲನ್ನು ತಾನೇ ಹುಡುಕಿಕೊಳ್ಳುತ್ತದೆ. ಜಾತ್ರೆಗೋ ಜ್ವರಕ್ಕೋ ಒಂದು ವಾರ ತಪ್ಪಿಸಿಕೊಂಡರೂ ಚಿಂತೆಯಿಲ್ಲ. ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಕ್ಷರದ ಸಾಲು. ಇಲ್ಲಿ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ; ಮೊದಲು ರ, ಗ, ಸ, ದ, ಅ. ಅಜ್ಜಂದಿರು ಹುಬ್ಬು ಗಂಟಿಕ್ಕುತ್ತಾರೆ, ಗೊತ್ತು. ಆದರೆ ಈ ಐದನ್ನೇ ಹಿಡಿದು ಆಡಿ ನೋಡಿ: ಸರ, ದರ, ಅರಸ, ಅಗಸ, ಗರಗಸ. ಕೊಂಬಿಲ್ಲ, ದೀರ್ಘವಿಲ್ಲ, ಒತ್ತಕ್ಷರವಿಲ್ಲ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯದೆ, ಐದೇ ಅಕ್ಷರಕ್ಕೆ ಮಗು ಓದುಗನಾಗುತ್ತದೆ. ಇದನ್ನು ಯೋಚಿಸಿದವರ ಕೈಗೆ ಒಂದು ನಮಸ್ಕಾರ.

ಕೂರುವ ಜಾಗಕ್ಕೆ ತಟ್ಟೆ ಎನ್ನುತ್ತಾರೆ. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದರಲ್ಲಿ ಅರೆಬರೆ. ಆಮೇಲೆ ಗೆಳೆಯರ ಸಹಾಯ, ಕೊನೆಗೆ ಸ್ವಂತ ಕಲಿಕೆ. ಮೇಷ್ಟ್ರು ಕುರ್ಚಿ ಬಿಟ್ಟು ಚಾಪೆಗಿಳಿಯಲೇಬೇಕು. ಎಲ್ಲರೂ ಇಳಿಯುವುದಿಲ್ಲ, ಕಾರ್ಡುಗಳೂ ಹರಿಯುತ್ತವೆ, ಕಳೆಯುತ್ತವೆ. ಮಕ್ಕಳ ಸಂಖ್ಯೆ ಏರಿದರೆ ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ಗುರುತಿಡುವುದೇ ಒಂದು ದಿನದ ದುಡಿಮೆ.

ನಾನು ಕೂತಿದ್ದ ದಿನ ಗೆಳೆಯರ ತಟ್ಟೆಯಲ್ಲಿ ಪುಟ್ಟ ಹುಡುಗನೊಬ್ಬ "ಗರಗರಸ" ಎಂದು ಓದಿ ತಾನೇ ಕಿಸಕ್ಕೆಂದ. ಪಕ್ಕದಲ್ಲಿದ್ದ ಮೂರನೇ ತರಗತಿಯ ಹುಡುಗಿ ನಗಲಿಲ್ಲ. ಕಾರ್ಡಿನ ಮೇಲೆ ಅಂಗೈ ಮುಚ್ಚಿ, ಒಂದೊಂದೇ ಅಕ್ಷರ ಕಾಣುವಂತೆ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾ ಹೋದಳು.