ದೇಶೀ ಜ್ಞಾನಕ್ರಮ ಮತ್ತು ಡಿಜಿಟಲ್ ಪೌರತ್ವದ ಬೋಧನೆ

ಡಿಜಿಟಲ್ ಪೌರತ್ವದ ಬೋಧನೆಯು ಬಹುಮಟ್ಟಿಗೆ ವ್ಯಕ್ತಿಕೇಂದ್ರಿತವಾದುದು. ಗುಪ್ತಪದದ ಎಚ್ಚರ, ಖಾಸಗಿತನ, ಕೃತಿಸ್ವಾಮ್ಯ ಇವು ಅದರ ಮುಖ್ಯ ಪಾಠಗಳು. ಸಮುದಾಯವೊಂದು ಸಾಮೂಹಿಕವಾಗಿ ಕಾಪಾಡಿಕೊಂಡು ಬಂದ ಅರಿವನ್ನು ಯಾರು, ಯಾರಿಗೆ, ಯಾವಾಗ ತೆರೆಯಬಹುದು ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವಿರುವುದು ವಿರಳ.

ಈ ಪ್ರಶ್ನೆಗೆ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ವಾರುಮುಂಗು ಜನರು ಉತ್ತರವೊಂದನ್ನು ರೂಪಿಸಿದ್ದಾರೆ. ಟೆನೆಂಟ್ ಕ್ರೀಕ್‌ನಲ್ಲಿ ಅವರು ಸಂಶೋಧಕಿ ಕಿಂಬರ್ಲಿ ಕ್ರಿಸ್ಟನ್ ಮೊದಲಾದವರೊಡನೆ ಕಟ್ಟಿದ ಡಿಜಿಟಲ್ ಸಂಗ್ರಹವು 2007ರಲ್ಲಿ ಆರಂಭವಾಯಿತು. ಅದರ ಹೆಸರು ‘ಮುಕುರ್ಟು’. ಪವಿತ್ರ ವಸ್ತುಗಳನ್ನು ಕಾದಿರಿಸುವ ಚೀಲವೆಂದು ಅರ್ಥ. ಚೀಲದ ಕಾವಲು ಹಿರಿಯರದು. ಹೊಣೆಯರಿತು ಬಂದ ಕಿರಿಯರಿಗೆ ಅದು ತೆರೆಯುತ್ತದೆ. ಅಂತೆಯೇ ಸಂಗ್ರಹದಲ್ಲಿಯೂ ಬಂಧುತ್ವ, ಲಿಂಗ, ನೆಲದ ಸಂಬಂಧಗಳಿಗೆ ಅನುಗುಣವಾಗಿ ನೋಡುವ ಅವಕಾಶ ನಿರ್ಧಾರವಾಗುವಂತೆ ರೂಪಿಸಲಾಯಿತು. ನಿರ್ಬಂಧವು ಇಲ್ಲಿ ಕಲಿಕೆಯ ಕ್ರಮದ ಒಂದು ಭಾಗವಾಗಿದೆ.

ಕನ್ನಡ ಜಾನಪದಕ್ಕೂ ಈ ವಿವೇಕ ಅಪರಿಚಿತವಲ್ಲ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು ದೀಕ್ಷೆ ಪಡೆದವರು. ಹಾಡಿಕೆಗೆ ಹೊಣೆಯೂ ಸಂದರ್ಭವೂ ಉಂಟು. ಕ್ಷೇತ್ರಕಾರ್ಯಕ್ಕೆ ಹೋದ ನಾವು ಧ್ವನಿಮುದ್ರಣಕ್ಕೆ ಗಾಯಕರ ಒಪ್ಪಿಗೆ ಪಡೆದೆವು. ಆದರೆ ಅದೇ ಧ್ವನಿ ಮುಂದೆ ಅಂತರ್ಜಾಲವನ್ನು ಸೇರಿ, ತುಣುಕಾಗಿ, ಹಾಡಿದವರ ಹೆಸರಿಲ್ಲದೆ ಸಂಚರಿಸಬಹುದೆಂದು ಅವರಿಗೆ ತಿಳಿಸಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಆದ್ದರಿಂದ ತರಗತಿಯ ಪಾಠಕ್ಕೆ ಒಂದು ಅಭ್ಯಾಸವನ್ನು ಸೇರಿಸುವುದು ಅಗತ್ಯ. ತನ್ನೂರಿನ ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡ ವಿದ್ಯಾರ್ಥಿಯು ಅದನ್ನು ಹಂಚುವ ಮುನ್ನ ಹಾಡಿದವರಾರು, ಸಂದರ್ಭ ಯಾವುದು, ಯಾರ ಅನುಮತಿ ಬೇಕು ಎಂಬುದನ್ನು ಹಿರಿಯರಲ್ಲಿ ಕೇಳಿ ಬರೆಯಲಿ. ಅನುಮತಿ ದೊರೆಯದಿದ್ದರೆ ಹಂಚದಿರುವುದೂ ಪೌರಧರ್ಮವೇ ಎಂಬುದನ್ನು ಆ ಪಾಠ ಕಲಿಸಬೇಕು.