ಕಾಣದ ಎಲೆಗಳ ಗಣಿತ

ಚದುರಂಗದಲ್ಲಿ ಕಾಯಿಗಳೆಲ್ಲವೂ ಇಬ್ಬರು ಆಟಗಾರರಿಗೂ ಕಾಣುತ್ತವೆ. ಇಸ್ಪೀಟಿನಲ್ಲಿ ಹಾಗಲ್ಲ, ಎದುರಾಳಿಯ ಕೈಯ ಎಲೆಗಳು ನಮಗೆ ಕಾಣವು. ಕಾಣದುದರ ವಿಷಯದಲ್ಲಿ ನಿರ್ಧಾರ ಕೈಗೊಳ್ಳುವುದೆಂತು? ಜಾನ್ ವಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಪೋಕರ್ ಆಟಕ್ಕೆ ಸ್ಥಾನ ದೊರೆತುದು ಈ ಪ್ರಶ್ನೆಯಿಂದಲೇ.

ಅಮೆರಿಕದಲ್ಲಿ ಹುಟ್ಟಿದ ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಪೋಕರ್ ಪ್ರಭೇದವನ್ನು ನೋಡೋಣ. ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆಗಳು. ಮೊದಲ ಸುತ್ತಿನ ಪಣ ಮುಗಿದ ಮೇಲೆ ಎಲ್ಲರಿಗೂ ಸಮಾನವಾದ ಮೂರು ಎಲೆಗಳನ್ನು ಮೇಜಿನ ಮೇಲೆ ತೆರೆಯುವರು, ಇದು ‘ಫ್ಲಾಪ್’. ಅನಂತರ ಒಂದೊಂದಾಗಿ ಇನ್ನೆರಡು. ಏಳು ಎಲೆಗಳಲ್ಲಿ ಅತ್ಯುತ್ತಮವಾದ ಐದೇ ಆಟಗಾರನ ಕೈ. ಆ ಐದೂ ಒಂದೇ ಜಾತಿಯವಾದರೆ ‘ಫ್ಲಶ್’. ಅದು ಬಲವಾದ ಕೈ.

ಒಂಬತ್ತು ಮಂದಿ ಆಡುತ್ತಿರುವರೆನ್ನಿ. ಎಲೆ ನೋಡುವ ಮೊದಲೇ ಇಬ್ಬರು 5 ಮತ್ತು 10ರ ಕಡ್ಡಾಯ ಪಣ ಹಾಕಿರುತ್ತಾರೆ. ಒಬ್ಬನು ಪಣವನ್ನು 25ಕ್ಕೆ ಏರಿಸುತ್ತಾನೆ. ಉಳಿದವರೆಲ್ಲ ಹಿಂದೆ ಸರಿದರೆ ಅವನಿಗೆ 15 ಲಾಭ. ಯಾರಾದರೂ ಎದುರಿಸಿದರೆ 25 ಪೂರ್ತಿ ಹೋಯಿತೆಂದೇ ಭಾವಿಸೋಣ. ಹಾಗಿದ್ದಲ್ಲಿ ನಷ್ಟವಾಗದಿರಲು ಈ ಉಪಾಯವು ನೂರಕ್ಕೆ 62.5 ಬಾರಿ ಫಲಿಸಬೇಕು. ಪ್ರತಿಯೊಬ್ಬನೂ ನೂರಕ್ಕೆ 80 ಬಾರಿ ಹಿಂದೆ ಸರಿಯುವನೆಂದು ಇಟ್ಟುಕೊಳ್ಳಿ. ಮೊದಲಿಗನಾಗಿ ಪಣ ಏರಿಸುವವನ ಮುಂದೆ ಇನ್ನೂ ಎಂಟು ಮಂದಿಯುಂಟು. ಎಂಟೂ ಮಂದಿ ಸರಿಯುವ ಸಂಭವ ನೂರಕ್ಕೆ ಸುಮಾರು 17 ಮಾತ್ರ. ಆರು ಮಂದಿ ಆಗಲೇ ಸರಿದಿದ್ದು, ಕಡ್ಡಾಯ ಪಣದ ಇಬ್ಬರೇ ಉಳಿದಿದ್ದರೆ ಅದು 0.8 × 0.8, ಎಂದರೆ ನೂರಕ್ಕೆ 64. ಎಲೆಗಳು ಅವೇ, ಹಣವೂ ಅಷ್ಟೇ. ಕುಳಿತ ಸ್ಥಾನವೊಂದೇ ನಷ್ಟವನ್ನು ಲಾಭವಾಗಿಸಿತು.

ಆ ಇಬ್ಬರಲ್ಲಿ ಒಬ್ಬನು ಎದುರಿಸಿದನು; ಫ್ಲಾಪಿನ ಮೂರು ಎಲೆಗಳೂ ಆಟೀನು! 22,100 ಬಗೆಯ ಫ್ಲಾಪುಗಳಲ್ಲಿ ಒಂದೇ ಜಾತಿಯವು 1,144. ಸುಮಾರು ಹತ್ತೊಂಬತ್ತಕ್ಕೆ ಒಂದು. ನಮ್ಮ ಕೈಯಲ್ಲಿ ಆಟೀನು ಇಲ್ಲ. ಎದುರಾಳಿಗೆ ಫ್ಲಶ್ ಆಗಿಯೇ ಹೋಯಿತೆ? ಕಾಣದ 47 ಎಲೆಗಳಲ್ಲಿ 10 ಆಟೀನುಗಳಿವೆ. ಅವನಲ್ಲಿರಬಹುದಾದ 1,081 ಜೋಡಿಗಳ ಪೈಕಿ ಎರಡೂ ಆಟೀನಾಗಿರುವವು 45, ನೂರಕ್ಕೆ ಸುಮಾರು 4. ಒಂದೇ ಆಟೀನಿರುವವು 370, ನೂರಕ್ಕೆ 34. ಉಳಿದ 666ರಲ್ಲಿ ಆಟೀನೇ ಇಲ್ಲ. ನಾವು ಹೆಚ್ಚಾಗಿ ಎಣಿಸಬೇಕಾದುದು ಒಂದೇ ಆಟೀನು ಹಿಡಿದವನನ್ನು: ಬರಲಿರುವ ಎರಡು ಎಲೆಗಳಲ್ಲಿ ಅವನ ಫ್ಲಶ್ ಪೂರ್ಣವಾಗುವ ಸಂಭವ ಹನ್ನೊಂದರಲ್ಲಿ ನಾಲ್ಕು. ನಮ್ಮ ಕೈ ಚೆನ್ನಾಗಿದ್ದರೆ ಆ ಎಲೆಗಳನ್ನು ಅವನಿಗೆ ಪುಕ್ಕಟೆಯಾಗಿ ತೋರಿಸದೆ ಪಣ ಹಾಕುವುದು ಯುಕ್ತ.

ಆದರೆ ಒಂದು ಎಚ್ಚರಿಕೆ. ಈ ಲೆಕ್ಕವು ಅವನ ಎಲೆಗಳು ಯಾದೃಚ್ಛಿಕವೆಂಬ ಊಹೆಯ ಮೇಲೆ ನಿಂತಿದೆ. ಅವನಾದರೋ ಎಲೆಗಳನ್ನು ನೋಡಿಯೇ ಉಳಿದುಕೊಂಡವನು. ಈಗ ಪಣವನ್ನು ಬಲವಾಗಿ ಏರಿಸಿದನೆಂದರೆ ನೂರಕ್ಕೆ 4 ಎಂಬ ಸಂಖ್ಯೆ ನಿಲ್ಲದು. ಹೊಸ ಸಮಾಚಾರಕ್ಕೆ ತಕ್ಕಂತೆ ಮತ್ತೆ ಎಣಿಸಬೇಕು. ಇದಕ್ಕೇ ಷರತ್ತುಬದ್ಧ ಸಂಭವನೀಯತೆಯೆಂದು ಹೆಸರು. ಕೊನೆಯಲ್ಲಿ ಕುಳಿತವನ ನಿಜವಾದ ಅನುಕೂಲವೂ ಇದೇ: ಇತರರ ನಡೆಯನ್ನು ಕಂಡ ಬಳಿಕವೇ ಅವನು ನಿರ್ಧರಿಸುತ್ತಾನೆ. ರಕ್ತಪರೀಕ್ಷೆಯ ಫಲ ಬಂದೊಡನೆ ವೈದ್ಯನು ತನ್ನ ಊಹೆಯನ್ನು ತಿದ್ದಿಕೊಳ್ಳುವುದೂ ಇದೇ ನಿಯಮದಿಂದ.

62.5ಕ್ಕೂ 64ಕ್ಕೂ ಇರುವ ಅಂತರ ಅತ್ಯಲ್ಪವೆಂಬುದನ್ನು ಮರೆಯಬಾರದು. ಅದು ಸಾವಿರಾರು ಆಟಗಳಲ್ಲಿ ತೋರೀತು, ಒಂದು ಸಂಜೆಯಲ್ಲಿ ತೋರದು. ಜೂಜುಕಟ್ಟೆಯವನು ಪ್ರತಿ ಪಣದಲ್ಲೂ ತನ್ನ ಪಾಲು ಮುರಿದುಕೊಂಡರೆ ಆ ಅಂತರವೂ ಕರಗೀತು. ಆದುದರಿಂದ ವಿದ್ಯಾರ್ಥಿಗಳಿಗೆ ಹಣವಿಲ್ಲದ ಪ್ರಯೋಗವೇ ಮೇಲು. ಒಂದು ಕಟ್ಟು ಇಸ್ಪೀಟನ್ನು ಚೆನ್ನಾಗಿ ಕಲಸಿ, ಮೂರು ಎಲೆಗಳನ್ನು ತೆರೆದು ನೋಡಿ. ಹೀಗೆ ಇನ್ನೂರು ಬಾರಿ. ಮೂರೂ ಒಂದೇ ಜಾತಿಯವಾಗಿ ಬರುವುದು ಹತ್ತರ ಆಸುಪಾಸಿನಲ್ಲಿದ್ದೀತು. ಸರಿಯಾಗಿ ಹತ್ತೇ ಬಾರದಿದ್ದರೆ ಅಚ್ಚರಿಪಡಬೇಡಿರಿ. ಅದೂ ಸಂಭವನೀಯತೆಯ ಒಂದು ಪಾಠವೇ.